ಸಂಬಂಧಿಕರ ಕಾಲಂ

ಕಳೆದ ತಿಂಗಳು ಬರ್ ದುಬೈಯಲ್ಲಿ ಪಾಸ್‌ಪೋರ್ಟ್ ಫೋಟೋ ತೆಗೆಸಿಕೊಂಡು ಮೆಟ್ರೋ ಕಡೆಗೆ ನಡೆಯುತ್ತಿದ್ದೆ. ಬಿಸಿಲು ತಾಳಲಾರದೆ ಎದುರು ಸಿಕ್ಕಿದ ಕಟ್ಟಡದೊಳಗೆ ನುಗ್ಗಿದೆ. ಲಿಫ್ಟಿನ ಬಾಗಿಲು ತೆರೆದು ಯಾರೋ ಹೊರಬಂದರು. ಅವರ ಹಿಂದೆಯೇ ಬಖೂರ್ ಧೂಪದ ಹೊಗೆಯೂ ಎಸಿ ನೀರು ಕುಡಿದ ಹಳೆ ಕಾರ್ಪೆಟ್ಟಿನ ಮುಗ್ಗಲೂ ಬೆರೆತ ಒಂದು ವಾಸನೆ ಬಂತು. ಆಗಷ್ಟೇ ತಲೆಯೆತ್ತಿ ನೋಡಿದೆ. ಆರು ವರ್ಷ ದಿನವೂ ನಾನು ಹತ್ತಿಳಿದ ಲಿಫ್ಟು ಅದು. ಮೂರನೇ ಮಹಡಿಯ ವಕೀಲರ ಆಫೀಸಿನ ಹೆಸರಿದ್ದ ಜಾಗದಲ್ಲಿ ಹಲ್ಲಿನ ಡಾಕ್ಟರರ ಬೋರ್ಡು ಇತ್ತು. ವಾಚ್‌ಮನ್ "ಮೇಡಂ, ಕ್ಲಿನಿಕ್?" ಎಂದು ಕೇಳಿದ. ಇಲ್ಲವೆಂದು ತಲೆಯಾಡಿಸಿ ಮತ್ತೆ ಬಿಸಿಲಿಗೇ ಬಂದೆ. ಕನ್ನಡಕದ ಗಾಜಿಗೆ ಹಬೆ ಕಟ್ಟಿ ಸ್ವಲ್ಪ ಹೊತ್ತು ಏನೂ ಕಾಣಲಿಲ್ಲ. ಹಾಗೆ ನಿಂತಲ್ಲೇ ಹಮೀದನ ಬೇಸಿಗೆ ನೆನಪಾಯಿತು. ಅದನ್ನು ಮರೆತಿದ್ದೆ ಎಂದಲ್ಲ. ಅದರ ಪಕ್ಕದಲ್ಲಿ ಹಾದುಹೋಗದಂತೆ ದಾರಿ ಬದಲಿಸಿಕೊಂಡಿದ್ದೆ, ಅಷ್ಟೇ.

ನನ್ನ ಹೆಸರು ಜಸಿಂತಾ. ಕಿನ್ನಿಗೋಳಿಯ ಕಡೆಯವಳು. ಈಗ ಊದ್ ಮೇಥಾದ ಒಂದು ಶಾಲೆಯ ಆಫೀಸಿನಲ್ಲಿ ಕೆಲಸ ಮಾಡುತ್ತೇನೆ. ಆಗ ಆ ವಕೀಲರ ಆಫೀಸಿನಲ್ಲಿ ಸೆಕ್ರೆಟರಿ. ಹಿರಿಯರು ಫರೀದ್, ಈಜಿಪ್ಟಿನವರು; ಅರಬ್ಬರು ವಕೀಲರನ್ನು ಕರೆಯುವಂತೆ ಎಲ್ಲರೂ ಅವರನ್ನು ಉಸ್ತಾದ್ ಎನ್ನುತ್ತಿದ್ದರು. ಅವರ ಕೈಕೆಳಗೆ ಅರಬ್ಬಿ ಓದಲು ಬಾರದ ಇಬ್ಬರು ಭಾರತೀಯ ಸಲಹೆಗಾರರಿದ್ದರು. ನನಗೆ ಬರುತ್ತಿದ್ದ ಅರಬ್ಬಿಯೂ ಹೇಳಿಕೊಳ್ಳುವಂಥದ್ದಲ್ಲ. ಅಕ್ಷರ ಕೂಡಿಸಿ ಓದಿ, ಫಾರಂ ತುಂಬಿ, ಅಂಗಡಿಯಲ್ಲಿ ಮಾತಾಡಿ ಬರುವಷ್ಟು. ಆದರೆ ಆಫೀಸಿನಲ್ಲಿ ಅಷ್ಟಕ್ಕೇ ಬೆಲೆಯಿತ್ತು, ನನಗೂ ಸ್ವಲ್ಪ ಜಂಬವಿತ್ತು.

ಆ ವರ್ಷದ ಮೊದಲಿಗೆ ಉಸ್ತಾದರು, ಬಡ ಆರೋಪಿಗಳಿಗೆ ಕೋರ್ಟು ವಕೀಲರನ್ನು ನೇಮಿಸುವ ಪಟ್ಟಿಯಲ್ಲಿ ನಮ್ಮ ಆಫೀಸಿನ ಹೆಸರನ್ನೂ ಸೇರಿಸಿದರು. ಮರಣದಂಡನೆ, ಜೀವಾವಧಿಯಂಥ ದೊಡ್ಡ ಶಿಕ್ಷೆಯ ಕೇಸಾದರೆ ವಕೀಲರಿಲ್ಲದೆ ವಿಚಾರಣೆಯೇ ನಡೆಯುವುದಿಲ್ಲ, ಕೋರ್ಟೇ ಒಬ್ಬರನ್ನು ಕೊಡುತ್ತದೆ. ಅದಕ್ಕಿಂತ ಒಂದು ಮೆಟ್ಟಿಲು ಕೆಳಗಿನ ಕೇಸುಗಳಲ್ಲಿ ಹಾಗಲ್ಲ. ತನಗೆ ವಕೀಲರನ್ನಿಟ್ಟುಕೊಳ್ಳುವ ಶಕ್ತಿಯಿಲ್ಲವೆಂದು ಆರೋಪಿ ಅರ್ಜಿ ಹಾಕಿ ತೋರಿಸಿಕೊಡಬೇಕು. ಆ ಅರ್ಜಿಯನ್ನು ವಕೀಲರು ಹೇಗೆ ತುಂಬಬೇಕು, ಏನೇನು ಲಗತ್ತಿಸಬೇಕು ಎಂಬ ಹನ್ನೆರಡು ಪುಟದ ಅರಬ್ಬಿ ಸೂಚನೆ ಬಂತು. ಉಸ್ತಾದರು ಅದನ್ನು ನನ್ನ ಮೇಜಿನ ಮೇಲಿಟ್ಟು, "ಇದನ್ನು ಇಂಗ್ಲಿಷಿನಲ್ಲಿ ಎರಡು ಪುಟ ಮಾಡಿಕೊಡು. ಆಫೀಸಿನಲ್ಲಿ ಎಲ್ಲರೂ ಅದನ್ನೇ ನೋಡಿ ಅರ್ಜಿ ತಯಾರಿಸಲಿ" ಎಂದರು.

ಹತ್ತು ದಿನ ಕೂತು ಮಾಡಿದೆ. ಗೊತ್ತಿಲ್ಲದ ಶಬ್ದಗಳನ್ನು ಫೋನಿನಲ್ಲಿ ಹುಡುಕಿ, ಅಲ್ಲಿ ಸಿಗದ್ದನ್ನು ಹಿಂದೆಮುಂದೆ ನೋಡಿ ಅಂದಾಜು ಮಾಡಿ, ಕಾಲಂ ಒಂದರಿಂದ ಹದಿನಾಲ್ಕರವರೆಗೆ ಒಂದೊಂದಕ್ಕೂ ಟಿಪ್ಪಣಿ ಬರೆದೆ. ಕಡೆಯಲ್ಲಿ ನನ್ನದೇ ಒಂದು ಸಾಲು ಸೇರಿಸಿದೆ: ಯಾವ ಕಾಲಮನ್ನೂ ಖಾಲಿ ಬಿಡಬೇಡಿ, ತಪ್ಪು ಮಾಹಿತಿ ಕೊಟ್ಟರೆ ಅರ್ಜಿ ರದ್ದಾಗುತ್ತದೆ. ಉಸ್ತಾದರು ಅದನ್ನು ಕೈಯಲ್ಲಿ ಹಿಡಿದು, ಮೇಲಿನಿಂದ ಕೆಳಗೆ ಒಮ್ಮೆ ಕಣ್ಣಾಡಿಸಿ, "ಮುಮ್ತಾಝ್" ಎಂದರು. ಬಹಳ ಚೆನ್ನಾಗಿದೆ ಎಂದರ್ಥ. ಅದನ್ನು ಗೋಡೆಗೆ ಅಂಟಿಸಿದೆವು.

ಜೂನ್ ತಿಂಗಳ ಮೊದಲ ವಾರ ಜುಬೈದಾ ಫೋನ್ ಮಾಡಿದಳು. ಅಬುಧಾಬಿಯ ಬನಿಯಾಸಿನಲ್ಲಿರುವ, ಉಪ್ಪಿನಂಗಡಿ ಕಡೆಯ ಬ್ಯಾರಿ ಹೆಂಗಸು. ಅವಳ ಬಿಲ್ಡಿಂಗಿನಲ್ಲಿದ್ದ, ನಮ್ಮ ಊರಿನ ಇಗರ್ಜಿಗೆ ಪ್ರಾರ್ಥನೆಗೆ ಬರುತ್ತಿದ್ದ ನರ್ಸೊಬ್ಬಳು ನನ್ನ ನಂಬರ್ ಕೊಟ್ಟಿದ್ದಳಂತೆ. ಜುಬೈದಾ ಪಿಸುಗುಟ್ಟುವಂತೆ ಮಾತಾಡುತ್ತಿದ್ದಳು.

"ಅಕ್ಕಾ, ನನ್ನ ತಮ್ಮ ಹಮೀದ್ ದುಬೈಯಲ್ಲಿ ಒಳಗಿದ್ದಾನೆ. ಮದ್ದಿನ ಗೋದಾಮಿನಲ್ಲಿ ಸ್ಟೋರ್‌ಕೀಪರ್ ಅವ. ಏನೋ ಇಂಜೆಕ್ಷನ್ ಬಾಕ್ಸ್ ಕಮ್ಮಿ ಬಂತಂತೆ. ಕಂಪನಿಯವರು ಇವನೇ ಕದ್ದು ಮಾರಿದ ಅಂತ ಬರೆದುಕೊಟ್ಟಿದ್ದಾರೆ. ವಕೀಲರಿಲ್ಲ. ನಿಮ್ಮಲ್ಲಿ ಸರಕಾರದ ವಕೀಲರು ಸಿಗ್ತಾರಂತಲ್ಲ?"

ಅಮಲಿನ ಮದ್ದೆಂದು ನಿಯಂತ್ರಣದಲ್ಲಿಡಬೇಕಾದ ನೋವಿನ ಇಂಜೆಕ್ಷನ್ ಅವು. ಸಾಮಾನ್ಯ ಕಳ್ಳತನದ ಕೇಸಲ್ಲ. ಆರೋಪ ಸಾಬೀತಾದರೆ ವರ್ಷಗಟ್ಟಲೆ ಜೈಲು, ಆಮೇಲೆ ಗಡೀಪಾರು. ನಮ್ಮ ಆಫೀಸಿಗೆ ಆ ಪಟ್ಟಿಯಡಿ ಬಂದ ಮೊದಲ ಅರ್ಜಿ ಹಮೀದನದ್ದೇ ಆಯಿತು. ಅವನ ಭಾಷೆ ಬಲ್ಲವಳು ನಾನೊಬ್ಬಳೇ ಆದ್ದರಿಂದ, ಅರ್ಜಿಯನ್ನು ಪೂರ್ತಿ ತಯಾರಿಸುವ ಜವಾಬ್ದಾರಿಯೂ ನನಗೇ ಬಂತು.

ಅವನು ಜೈಲಿನಿಂದ ವಾರಕ್ಕೆರಡು ಸಲ ಫೋನ್ ಮಾಡುತ್ತಿದ್ದ. ಕೆಲವೇ ನಿಮಿಷ, ಆಮೇಲೆ ಲೈನು ತನ್ನಷ್ಟಕ್ಕೆ ಕಡಿಯುತ್ತಿತ್ತು. ಮೊದಲ ದಿನ "ಮೇಡಂ" ಎಂದ, ಎರಡನೇ ವಾರ "ಅಕ್ಕ" ಆಯಿತು. ಇಪ್ಪತ್ತೇಳು ವರ್ಷದವನು. ಕೇಸಿನ ವಿಷಯ ಕೇಳಿದರೆ ಒಂದೇ ಮಾತು ತಿರುಗಿಸಿ ತಿರುಗಿಸಿ ಹೇಳುತ್ತಿದ್ದ.

"ಸೂಪರ್‌ವೈಸರ್ ಪ್ರತಿ ಗುರುವಾರ ರಿಜಿಸ್ಟರ್ ತಂದು ಸೈನ್ ಹಾಕು ಅಂತ ಹೇಳ್ತಿದ್ದ ಅಕ್ಕ. ಕೆಲವು ಪುಟ ಖಾಲಿ ಇರ್ತಿತ್ತು. ಆಮೇಲೆ ತುಂಬಿಸ್ತೇವೆ ಅಂತಿದ್ದ. ನಾನು ಹಾಕಿದೆ. ಎಲ್ಲದರಲ್ಲೂ ನನ್ನದೇ ಸೈನ್ ಉಂಟು."

"ಖಾಲಿ ಪುಟಕ್ಕೆ ಯಾಕೆ ಹಾಕಿದ್ದು?"

"ಹಾಕದಿದ್ರೆ ಬಿಡ್ತಾರಾ ಅಕ್ಕ?"

ಹಮೀದ್ ಕದ್ದನೋ ಇಲ್ಲವೋ ಎಂದು ಇವತ್ತಿಗೂ ನನಗೆ ಖಚಿತವಾಗಿ ಗೊತ್ತಿಲ್ಲ. ಅವನ ಮಾತನ್ನು ನಂಬಿದ್ದೆ, ಈಗಲೂ ನಂಬುತ್ತೇನೆ. ಆದರೆ ನಂಬುವುದು ನನ್ನ ಕೆಲಸವಾಗಿರಲಿಲ್ಲ. ಆ ಸೂಪರ್‌ವೈಸರನ್ನು ಕೋರ್ಟಿಗೆ ಕರೆಸಿ, ಆ ಪುಟಗಳಲ್ಲಿ ಸಹಿಯ ಶಾಯಿ ಯಾವುದು, ಬರಹದ ಶಾಯಿ ಯಾವುದು ಎಂದು ಕೇಳಲು ಒಬ್ಬ ವಕೀಲ ಬೇಕಿತ್ತು. ಆ ವಕೀಲನನ್ನು ಅವನಿಗೆ ಒದಗಿಸುವ ಕಾಗದಗಳನ್ನು ಜೋಡಿಸುವುದು ನನ್ನ ಕೆಲಸ.

ಆ ಜೂನ್ ಮತ್ತು ಜುಲೈ ನನಗೆ ನೆನಪಿರುವುದು ಬೆವರಿನಲ್ಲಿ. ಅವನ ಸಂಬಳದ ಸರ್ಟಿಫಿಕೇಟ್ ಬೇಕಿತ್ತು. ಅದನ್ನು ಕೊಡಬೇಕಾದವರು ಅವನ ಮೇಲೆ ದೂರು ಕೊಟ್ಟ ಕಂಪನಿಯವರೇ. ಅಲ್ ಕೂಝ್‌ನ ಅವರ ಆಫೀಸಿಗೆ ಮೂರು ಸಲ ಹೋದೆ. ಮಧ್ಯಾಹ್ನ ಹೊರಗಿನ ಕೆಲಸಗಾರರೆಲ್ಲ ಕೆಲಸ ನಿಲ್ಲಿಸಿ ಗೋಡೆಯ ನೆರಳಿನಲ್ಲಿ ಕಾರ್ಡ್‌ಬೋರ್ಡ್ ಹಾಸಿಕೊಂಡು ಮಲಗಿರುತ್ತಿದ್ದರು. ನಾನು ಅವರನ್ನು ದಾಟಿಕೊಂಡು ಫೈಲು ತಲೆಗೆ ಅಡ್ಡ ಹಿಡಿದು ನಡೆಯುತ್ತಿದ್ದೆ. ಮೊದಲ ಸಲ ಮ್ಯಾನೇಜರ್ ಇಲ್ಲ. ಎರಡನೇ ಸಲ ಸೀಲು ಇಲ್ಲ. ಮೂರನೇ ಸಲ ರಿಸೆಪ್ಶನ್ನಿನ ಫಿಲಿಪಿನೋ ಹುಡುಗಿ ನನ್ನ ಮುಖ ನೋಡಿ, ಒಳಗೆ ಹೋಗಿ, ಅದೇನು ಹೇಳಿದಳೋ, ಹತ್ತು ನಿಮಿಷದಲ್ಲಿ ಕಾಗದ ತಂದುಕೊಟ್ಟಳು. ಅದರ ಜೊತೆಗೆ ಅವನ ಉದ್ಯೋಗದ ಫೈಲಿನ ಒಂದು ಪ್ರತಿಯೂ ಬಂತು. ಬ್ಯಾಂಕಿನ ಕಾಗದಕ್ಕೆ ಜೈಲಿನಿಂದ ಅವನ ಸಹಿ ತರಿಸಬೇಕಾಯಿತು. ಅದಕ್ಕೆ ಇಪ್ಪತ್ತು ದಿನ ಹಿಡಿಯಿತು. ಒಂದೊಂದು ಕಾಗದ ಬಂದಾಗಲೂ ಗೋಡೆಯ ಮೇಲಿನ ನನ್ನ ಎರಡು ಪುಟದಲ್ಲಿ ಪೆನ್ಸಿಲಿನಿಂದ ಗುರುತು ಹಾಕುತ್ತಿದ್ದೆ. ಹದಿಮೂರು ಕಾಲಂ ಮುಗಿಯಿತು. ಉಳಿದದ್ದು ಹನ್ನೊಂದನೆಯದು.

ಹನ್ನೊಂದನೇ ಕಾಲಮಿಗೆ ನಾನು ಬರೆದಿದ್ದ ಟಿಪ್ಪಣಿ ಇಷ್ಟು: ದೇಶದಲ್ಲಿರುವ ಸಂಬಂಧಿಕರು, ಅವರ ಉದ್ಯೋಗ, ಆರೋಪಿಗೆ ಸಹಾಯ ಮಾಡಲು ಅವರಿಂದ ಸಾಧ್ಯವಿಲ್ಲದಿದ್ದರೆ ಹಾಗೆಂದು ಅವರ ಹೇಳಿಕೆ.

ಹಮೀದನಿಗೆ ಇದ್ದ ಸಂಬಂಧಿಕ, ದುಡಿಯುವ ಸಂಬಂಧಿಕ, ಒಬ್ಬನೇ. ಜುಬೈದಾಳ ಗಂಡ ಇಸ್ಮಾಯಿಲ್. ಬನಿಯಾಸಿನಲ್ಲಿ ಅವನಿಗೊಂದು ಚಿಕ್ಕ ಬಕಾಲಾ, ದಿನಸಿ ಅಂಗಡಿ.

ಒಂದು ಶನಿವಾರ ಅಬುಧಾಬಿ ಬಸ್ಸು ಹತ್ತಿದೆ. ನನ್ನ ಗಂಡ ವಲೇರಿಯನ್ ಹೋಟೆಲಿನ ಲಾಂಡ್ರಿಯಲ್ಲಿ ಕೆಲಸದಲ್ಲಿದ್ದರು, ಅವರಿಗೆ ರಜೆ ಇರಲಿಲ್ಲ. ಎರಡು ಬಸ್ಸು ಬದಲಿಸಿ ಬನಿಯಾಸಿನಲ್ಲಿಳಿದಾಗ ಹನ್ನೊಂದು ಗಂಟೆ. ಆಕಾಶ ಧೂಳಿನಿಂದ ಬೆಳ್ಳಗಾಗಿತ್ತು. ಅಂಗಡಿಯ ಹೊರಗೆ ನೀರಿನ ಬಾಟಲಿಗಳ ರಾಶಿ, ಒಳಗೆ ಈರುಳ್ಳಿ, ಕುಬ್ಬೂಸು ರೊಟ್ಟಿ, ಸೋಪಿನ ಪೆಟ್ಟಿಗೆಗಳು. ಇಸ್ಮಾಯಿಲ್ ನಲವತ್ತರ ಸಭ್ಯ ಮನುಷ್ಯ. ಊರಿನವಳೆಂದು ಗೊತ್ತಾದ ಕೂಡಲೇ ಸ್ಟೂಲು ಕೊಟ್ಟು, ಫ್ರಿಜ್ಜಿನಿಂದ ಮಜ್ಜಿಗೆಯ ಬಾಟಲಿ ತೆಗೆದು ಮುಂದಿಟ್ಟ. ಕೌಂಟರಿನ ಹಿಂದೆ ಅವನ ಎಂಟು ವರ್ಷದ ಮಗಳು ಚಿತ್ರಕ್ಕೆ ಬಣ್ಣ ತುಂಬುತ್ತಿದ್ದಳು.

ಹಮೀದನ ವಿಷಯ ಮಾತಾಡಬೇಕು ಎಂದೆ. "ಹಮೀದನ ಆಫೀಸಿಂದ ಬಂದಿದ್ದಾ ನೀವು?" ಎಂದ ಇಸ್ಮಾಯಿಲ್. ಅವನು ಕಂಪನಿಯ ಆಫೀಸೆಂದು ಭಾವಿಸಿದ್ದ.

"ಅಲ್ಲ, ವಕೀಲರ ಆಫೀಸಿಂದ."

ಆ ಮಾತು ಕೇಳಿ ಮಗು ತಲೆಯೆತ್ತಿತು. "ಹಮೀದ್ ಅಂಕಲ್ ಈಸ್ ಇನ್ ಇಂಡಿಯಾ. ಹೀ ವಿಲ್ ಕಮ್ ಆಫ್ಟರ್ ರಮದಾನ್" ಎಂದಿತು.

"ಮೇಲೆ ಹೋಗಿ ಉಮ್ಮನನ್ನು ಕರಿ" ಎಂದು ಅವಳನ್ನು ಕಳಿಸಿ, ಅವನು ಅಂಗಡಿಯ ಬಾಗಿಲನ್ನು ಅರ್ಧ ಎಳೆದ.

ನಾನು ಫಾರಂ ಬಿಚ್ಚಿ ವಿವರಿಸಿದೆ. ಒಂದು ಹೇಳಿಕೆ ಬೇಕು. ಹಮೀದನಿಗೆ ವಕೀಲರನ್ನಿಡುವಷ್ಟು ಶಕ್ತಿ ನನಗಿಲ್ಲ ಎಂದು ಸಹಿ ಹಾಕಿಕೊಟ್ಟರೆ ಸಾಕು, ಬೇರೇನೂ ಕೊಡಬೇಕಿಲ್ಲ. ಅವನು ಕಾಗದವನ್ನು ಮುಟ್ಟಲಿಲ್ಲ. ಕೈ ಹಿಂದೆ ಕಟ್ಟಿಕೊಂಡು ಓದಿದ.

"ಮೇಡಂ, ನಿಮಗೆ ಗೊತ್ತುಂಟಲ್ಲ. ಫ್ಯಾಮಿಲಿ ಇಲ್ಲಿ ಇಟ್ಟುಕೊಳ್ಳಲಿಕ್ಕೆ ನನಗೆ ಇಷ್ಟು ತಾಕತ್ತು ಉಂಟು ಅಂತ ತೋರಿಸಬೇಕು. ಸೆಪ್ಟೆಂಬರಿಗೆ ಇವಳದ್ದು, ಮಕ್ಕಳದ್ದು ವೀಸಾ ರಿನ್ಯೂವಲ್. ಅಲ್ಲಿ ತಾಕತ್ತು ಉಂಟು ಅಂತ ಬರೆಯುವುದು, ಇಲ್ಲಿ ಇಲ್ಲ ಅಂತ ಬರೆಯುವುದು. ಎರಡೂ ಒಂದೇ ಕಂಪ್ಯೂಟರಿಗೆ ಹೋಗ್ತದೆ."

"ಅದಕ್ಕೂ ಇದಕ್ಕೂ ಸಂಬಂಧ ಇರುವುದಿಲ್ಲ ಅಂತ ಕಾಣ್ತದೆ ನನಗೆ."

"ಕಾಣ್ತದೆ ಅಂದ್ರೆ ಆಗ್ಲಿಕ್ಕಿಲ್ಲ ಮೇಡಂ. ನೀವು ಬರೆದು ಕೊಡ್ತೀರಾ, ಏನೂ ಆಗುವುದಿಲ್ಲ ಅಂತ?"

ಬರೆದುಕೊಡಲು ನನಗೆ ಸಾಧ್ಯವಿರಲಿಲ್ಲ.

"ಅದೂ ಈ ಥರದ ಕೇಸು. ಮದ್ದಿನ ಕೇಸು. ನನ್ನ ಹೆಸರು ಆ ಫೈಲಿಗೆ ಅಂಟಿದ್ರೆ ನಾಳೆ ಅಂಗಡಿಗೆ ಬಂದು ಕೇಳ್ತಾರೆ. ಹಮೀದ್ ನನಗೂ ತಮ್ಮನ ಹಾಗೆ. ನಾನೇ ಅವನನ್ನು ಇಲ್ಲಿಗೆ ಕರೆಸಿದ್ದು. ಆದ್ರೆ ನನಗೆ ಇಬ್ಬರು ಮಕ್ಕಳಿದ್ದಾರೆ ಮೇಡಂ."

ಅಷ್ಟರಲ್ಲಿ ಜುಬೈದಾ ಇಳಿದು ಬಂದು ಬಾಗಿಲ ಬಳಿ ನಿಂತಿದ್ದಳು. ನನ್ನ ಕೈಯ ಫೈಲು ನೋಡಿದ ಕೂಡಲೇ ಅವಳು ಒಂದು ಹೆಜ್ಜೆ ಹಿಂದೆ ಸರಿದಳು. ಇಸ್ಮಾಯಿಲ್ ಅವಳ ಕಡೆ ತಿರುಗಿ, "ಇವರಿಗೆ ಫೋನ್ ಮಾಡಿದ್ದು ನೀನಾ?" ಎಂದು ಮೆಲ್ಲಗೆ ಕೇಳಿದ. ಅವಳು ನನ್ನ ಹತ್ತಿರ ಬಂದು ಪೆನ್ನಿಗೆ ಕೈ ಚಾಚಿದಳು.

"ಎಲ್ಲಿ ಸೈನ್ ಹಾಕಬೇಕು ಅಕ್ಕ? ನಾನು ಹಾಕ್ತೇನೆ."

"ನಿಮ್ಮದು ಆಗುವುದಿಲ್ಲ ಜುಬೈದಾ. ದುಡಿಯುವವರದ್ದು ಬೇಕು."

ಅವಳು ಪೆನ್ನನ್ನು ಹಿಡಿದುಕೊಂಡೇ ಗಂಡನ ಮುಖ ನೋಡಿದಳು. ಅವನು ಕೌಂಟರಿನ ಮೇಲಿನ ಕುಬ್ಬೂಸಿನ ಪ್ಯಾಕೆಟ್‌ಗಳನ್ನು ಒಂದರ ಮೇಲೊಂದು ಸರಿಮಾಡಿ ಇಡತೊಡಗಿದ. ನಾನು ಫೈಲು ಕಟ್ಟಿಕೊಂಡೆ. ಬಸ್ ನಿಲ್ದಾಣದವರೆಗೆ ಜುಬೈದಾ ನನ್ನ ಹಿಂದೆಯೇ ಬಂದಳು. ಬಸ್ಸು ಬಂದಾಗ, "ಅವರು ಕೆಟ್ಟವರಲ್ಲ ಅಕ್ಕ" ಎಂದಳು.

ಮುಂದಿನ ಮಂಗಳವಾರ ಹಮೀದನ ಫೋನ್ ಬಂತು. ನಡೆದದ್ದನ್ನು ಹೇಳಿದೆ. ಹಿಂದಿನಿಂದ ಬೇರೆ ಕೈದಿಗಳ ಮಾತು ಕೇಳುತ್ತಿತ್ತು.

"ಅಕ್ಕ, ಯಾರೂ ಇಲ್ಲ ಅಂತ ಬರೀರಿ."

"ಏನು?"

"ನನಗೆ ಇಲ್ಲಿ ಯಾರೂ ಇಲ್ಲ ಅಂತ ಬರೀರಿ. ಭಾವನ ಹೆಸರು ಬೇಡ. ಅವರಿಗೂ ಕಷ್ಟ ಬೇಡ, ನನ್ನ ಅರ್ಜಿಯೂ ಪಾಸಾಗ್ತದಲ್ಲ."

ಅವನು ಹೇಳಿದಷ್ಟು ಸುಲಭವಾಗಿತ್ತು ಅದು. ಆದರೆ ಕಂಪನಿ ಕೊಟ್ಟ ಫೈಲಿನಲ್ಲಿ, ತುರ್ತಿನಲ್ಲಿ ಸಂಪರ್ಕಿಸಬೇಕಾದವರು ಎಂಬ ಕಡೆ ಇಸ್ಮಾಯಿಲನ ಹೆಸರು, ಭಾವ ಎಂಬ ಸಂಬಂಧ, ಅಂಗಡಿಯ ವಿಳಾಸ ಎಲ್ಲವೂ ಇತ್ತು. ಅದೇ ಫೈಲನ್ನು ಕಂಪನಿ ಪೊಲೀಸರಿಗೂ ಕೊಟ್ಟಿತ್ತು. ಯಾರಾದರೂ ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದರೆ? ಸುಳ್ಳು ಬರೆದವನು ಎಂದು ಕೋರ್ಟಿನ ಮುಂದೆ ಅವನ ಹೆಸರು ಕೆಟ್ಟರೆ? ಮನೆಯಲ್ಲಿ ವಲೇರಿಯನ್ನರಿಗೆ ಹೇಳಿದಾಗ ಅವರು ಕೊಂಕಣಿಯಲ್ಲಿ ಗದರಿದರು: "ತಲೆ ಕೆಟ್ಟಿದೆಯಾ ನಿನಗೆ? ಫಾರಂ ತುಂಬುವವಳು ನೀನು. ನಾಳೆ ನಿನ್ನನ್ನೂ ಕರೀತಾರೆ." ಉಸ್ತಾದರನ್ನು ಕೇಳಿದೆ. ಅವರು ಅಂದು ಬೇರೆ ಎರಡು ವಿಚಾರಣೆಗೆ ಓಡುವ ಅವಸರದಲ್ಲಿದ್ದರು. "ಸೂಚನೆಯಲ್ಲಿ ಏನಿದೆಯೋ ಹಾಗೆ ಮಾಡು. ಅದನ್ನು ನನಗಿಂತ ನೀನೇ ಚೆನ್ನಾಗಿ ಬಲ್ಲೆ" ಎಂದು ಹೇಳಿ ನಿಲುವಂಗಿ ಎತ್ತಿಕೊಂಡು ಹೋದರು.

ನಾನು ಇಸ್ಮಾಯಿಲನ ಹೆಸರು ಬರೆದೆ. ಉದ್ಯೋಗ: ವ್ಯಾಪಾರ. ಹೇಳಿಕೆ: ಸಿಕ್ಕಿಲ್ಲ. ಉಸ್ತಾದರು ಸಂಜೆ ಬಂದು ಕಂಪ್ಯೂಟರ್ ಪರದೆಯ ಮೇಲೆ ಸಹಿ ಒತ್ತಿದರು. ಅರ್ಜಿ ಹೋಯಿತು.

ಹನ್ನೆರಡು ದಿನಕ್ಕೆ ಉತ್ತರ ಬಂತು. ಹನ್ನೊಂದನೇ ಕಾಲಮಿನಲ್ಲಿ ಹೇಳಿದ ವ್ಯಕ್ತಿಗೆ ವ್ಯಾಪಾರದ ಪರವಾನಗಿ ಇದೆ, ಅವರಿಗೆ ಶಕ್ತಿಯಿಲ್ಲ ಎಂಬ ದಾಖಲೆಯನ್ನು ಏಳು ದಿನದೊಳಗೆ ಸಲ್ಲಿಸಬೇಕು. ಮಾತು ಸೌಜನ್ಯದ್ದೇ. ಇಸ್ಮಾಯಿಲನಿಗೆ ಫೋನ್ ಮಾಡಿದೆ, ಎತ್ತಲಿಲ್ಲ. ಜುಬೈದಾಳ ನಂಬರು ಬಂದ್ ಆಗಿತ್ತು. ಅದೇ ವಾರ ಬೇರೊಂದು ನಂಬರಿನಿಂದ ಅವಳ ಧ್ವನಿಯ ಒಂದು ಸಂದೇಶ ಬಂತು. "ಅಕ್ಕಾ, ಇವರಿಗೆ ಎಲ್ಲಿಂದಲೋ ಫೋನ್ ಬಂತು, ಕಾಗದ ಕೇಳಿದ್ರಂತೆ. ಮೂರು ದಿನದಿಂದ ಊಟ ಮಾಡ್ತಾ ಇಲ್ಲ. ಇನ್ನು ನನಗೆ ಫೋನ್ ಮಾಡಬೇಡಿ. ಹಮೀದನನ್ನು ನೋಡ್ಕೊಳ್ಳಿ." ಏಳು ದಿನ ಕಳೆಯಿತು. ಅರ್ಜಿ ತಿರಸ್ಕೃತವಾಯಿತು.

ಆಗಸ್ಟ್ ತಿಂಗಳಲ್ಲಿ ವಿಚಾರಣೆ. ಆಫೀಸಿನ ಪಾಲುದಾರರು ಹಣವಿಲ್ಲದೆ ಉಸ್ತಾದರು ಹಾಜರಾಗುವುದನ್ನು ಒಪ್ಪಲಿಲ್ಲ. ಉಸ್ತಾದರು ತಮ್ಮ ಕೈಯಾರೆ ಎರಡು ಪುಟದ ಒಂದು ಬರಹ ಮಾಡಿದರು. ಖಾಲಿ ಪುಟಗಳ ವಿಷಯ, ಸೂಪರ್‌ವೈಸರನ್ನು ಕರೆಸಬೇಕೆಂಬ ಕೋರಿಕೆ, ಎಲ್ಲ ಅದರಲ್ಲಿತ್ತು. ಅದನ್ನು ಜೈಲಿಗೆ ತಲುಪಿಸಿದೆವು. ಹಮೀದ್ ತಾನೇ ನ್ಯಾಯಾಧೀಶರಿಗೆ ಕೊಟ್ಟರೆ ಸಾಕು ಎಂದು ಉಸ್ತಾದರು ಹೇಳಿದ್ದರು.

ನಾನು ರಜೆ ಹಾಕಿ ಕೋರ್ಟಿಗೆ ಹೋಗಿ ಹಿಂದಿನ ಬೆಂಚಿನಲ್ಲಿ ಕೂತೆ. ಅವನನ್ನು ಕಣ್ಣಾರೆ ಕಂಡದ್ದು ಅದೇ ಮೊದಲು. ಫೋನಿನ ಧ್ವನಿ ಕೇಳಿ ಎತ್ತರದವನೆಂದುಕೊಂಡಿದ್ದೆ. ಸಣ್ಣ ಆಳು, ಬೈತಲೆ ತೆಗೆದು ಒದ್ದೆ ಮಾಡಿ ಬಾಚಿದ ಕೂದಲು. ದುಭಾಷಿ ಉರ್ದುವಿನವರು. ಹಮೀದನ ಹಿಂದಿ ಗೋದಾಮಿನಲ್ಲಿ ಕಲಿತ ಹಿಂದಿ. ನ್ಯಾಯಾಧೀಶರು ಸಿಟ್ಟಾಗಲಿಲ್ಲ, ಅವಸರವನ್ನೂ ಮಾಡಲಿಲ್ಲ. ಈ ರಿಜಿಸ್ಟರಿನಲ್ಲಿರುವುದು ನಿನ್ನ ಸಹಿಯೇ ಎಂದು ಕೇಳಿಸಿದರು. "ಜೀ" ಎಂದ. ಎಲ್ಲ ಪುಟದಲ್ಲೂ? "ಜೀ." ಬೀಗದ ಕೈ ನಿನ್ನ ಹತ್ತಿರವೇ ಇರುತ್ತಿತ್ತೇ? "ಜೀ." ಇನ್ನೇನಾದರೂ ಹೇಳುವುದಿದೆಯೇ? ಅವನು ಕತ್ತು ತಿರುಗಿಸಿ ಬೆಂಚುಗಳ ಕಡೆ ನೋಡಿದ. ನನ್ನ ಗುರುತು ಅವನಿಗೆ ಇರಲಿಲ್ಲ. ನಾನು ಕೈ ಎತ್ತಬಹುದಿತ್ತು, ಎತ್ತಲಿಲ್ಲ. ಅವನು ಮತ್ತೆ ಮುಂದೆ ತಿರುಗಿ "ನಹೀಂ ಸಾಬ್" ಎಂದ. ಆ ಎರಡು ಪುಟ ಅವನ ಕೈಯಲ್ಲಿ ನಾಲ್ಕು ಮಡಿಕೆಯಾಗಿ ಹಾಗೇ ಇತ್ತು.

ಎರಡು ದಿನದ ಮೇಲೆ ಫೋನಿನಲ್ಲಿ ಕೇಳಿದೆ, ಯಾಕೆ ಕೊಡಲಿಲ್ಲ ಎಂದು.

"ಕೊಡಬೇಕು ಅಂತ ಗೊತ್ತಿತ್ತು ಅಕ್ಕ. ಯಾರ ಕೈಗೆ ಕೊಡುವುದು ಅಂತ ಗೊತ್ತಾಗ್ಲಿಲ್ಲ."

ತೀರ್ಪು ಬಂತು. ಐದು ವರ್ಷ, ಆಮೇಲೆ ಗಡೀಪಾರು. ಮೇಲ್ಮನವಿಗೆ ಅವಧಿಯಿತ್ತು. ಇನ್ನೊಮ್ಮೆ ವಕೀಲರಿಗೆ ಅರ್ಜಿ ಹಾಕುವ ಎಂದು ಉಸ್ತಾದರೂ ಒಪ್ಪಿದರು. ಆದರೆ ನಾವು ಜೈಲಿಗೆ ಕಾಗದ ಕಳಿಸುವಷ್ಟರಲ್ಲಿ ಹಮೀದ್ ತನಗೆ ಮೇಲ್ಮನವಿ ಬೇಡವೆಂದು ಸಹಿ ಹಾಕಿಕೊಟ್ಟಿದ್ದ. ಮೇಲ್ಮನವಿ ಹಾಕಿದವರ ಹೆಸರು ಹಬ್ಬದ ಕ್ಷಮಾದಾನದ ಪಟ್ಟಿಗೆ ಬರುವುದಿಲ್ಲ ಎಂದು ಜೊತೆಯ ಕೈದಿಗಳು ಹೇಳಿದ್ದರಂತೆ. ನಿಜವೋ ಸುಳ್ಳೋ, ಅವನಿಗೆ ಆಗ ಬುದ್ಧಿ ಹೇಳಲು ಸಿಕ್ಕಿದವರು ಅವರೇ.

ಅಕ್ಟೋಬರಿನಲ್ಲಿ ಬಿಸಿಲು ಸ್ವಲ್ಪ ಇಳಿಯಿತು. ಸಂಜೆ ಜನ ಮತ್ತೆ ಖಾಡಿಯ ದಂಡೆಗೆ ಬಂದು ಕೂರತೊಡಗಿದರು, ಆಬ್ರಾ ದೋಣಿಗಳಲ್ಲಿ ನೂಕುನುಗ್ಗಲು ಶುರುವಾಯಿತು. ಆಫೀಸಿಗೆ ಎರಡನೇ ಅರ್ಜಿ ಬಂದಿತ್ತು, ನೇಪಾಳದ ಒಬ್ಬ ಡ್ರೈವರನದ್ದು. ಈ ಸಲ ತಪ್ಪಾಗಬಾರದೆಂದು ಉಸ್ತಾದರು ಅರಬ್ಬಿ ಸೂಚನೆಯನ್ನು ತಾವೇ ಕೈಯಲ್ಲಿ ಹಿಡಿದು, ಗೋಡೆಯಿಂದ ನನ್ನ ಎರಡು ಪುಟವನ್ನು ತೆಗೆಸಿ, ನನ್ನನ್ನು ಎದುರಿಗೆ ಕೂರಿಸಿಕೊಂಡು ಒಂದೊಂದೇ ಕಾಲಂ ಓದುತ್ತ ಬಂದರು. ಅವರು ಅರಬ್ಬಿ ಓದುವುದು, ನಾನು ನನ್ನ ಇಂಗ್ಲಿಷ್ ಓದುವುದು. ಹತ್ತರವರೆಗೆ "ಸಹೀಹ್, ಸಹೀಹ್" ಎನ್ನುತ್ತಿದ್ದರು, ಸರಿ ಎಂದು.

"ಹನ್ನೊಂದು. ನೀನೇನು ಬರೆದಿದ್ದೀಯ?"

"ದೇಶದಲ್ಲಿರುವ ಸಂಬಂಧಿಕರು."

ಇನ್ನೊಮ್ಮೆ ಓದು ಎಂದರು. ಓದಿದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಇದು ಸಂಬಂಧಿಕರು ಅಲ್ಲ. ಮುಈಲ್. ಅಂದರೆ ಸಾಕುವವನು, ಊಟ ವಸತಿ ನೋಡಿಕೊಳ್ಳುವವನು. ಅರ್ಜಿದಾರನನ್ನು ಸಾಕುವವರು ಯಾರಾದರೂ ಇದ್ದರೆ ಬರೆಯಿರಿ ಎಂದು ಕೇಳಿದ್ದಾರೆ. ಹೆಂಡತಿ, ಮಕ್ಕಳು, ಮುದುಕರು, ಅಂಥವರಿಗೆ."

ಹಮೀದನನ್ನು ಯಾರೂ ಸಾಕುತ್ತಿರಲಿಲ್ಲ. ಅವನೇ ಊರಿಗೆ ಕಳಿಸುತ್ತಿದ್ದ. ಆ ಕಾಲಮಿನಲ್ಲಿ ಯಾರೂ ಇಲ್ಲ ಎಂದು ಬರೆದಿದ್ದರೆ ಅದು ಸುಳ್ಳಾಗುತ್ತಿರಲಿಲ್ಲ. ಅವನು ಹೇಳಿದ ಹಾಗೇ, ಅವನು ಹೇಳಿದ ಮಾತಿನಲ್ಲೇ ಬರೆಯಬಹುದಿತ್ತು. ನಾನು ಬನಿಯಾಸಿಗೆ ಹೋಗಬೇಕಿರಲಿಲ್ಲ. ಇಸ್ಮಾಯಿಲ್ ಹೆಂಡತಿಯ ಮುಖ ನೋಡಲಾರದೆ ಕುಬ್ಬೂಸು ಜೋಡಿಸಬೇಕಿರಲಿಲ್ಲ. ಹತ್ತು ದಿನ ಕೂತು ಮಾಡಿದ ಆ ಎರಡು ಪುಟದಲ್ಲಿ, ಫೋನಿನಲ್ಲಿ ಸಿಗದೆ ನಾನು ಅಂದಾಜು ಮಾಡಿದ ಶಬ್ದಗಳಲ್ಲಿ ಅದೂ ಒಂದು.

"ಇದನ್ನು ನೋಡಿ ಎಷ್ಟು ಅರ್ಜಿ ಕಳಿಸಿದ್ದೇವೆ?" ಎಂದು ಕೇಳಿದರು. ಅವರಿಗೂ ಗೊತ್ತಿತ್ತು.

"ಒಂದೇ."

ಕನ್ನಡಕವನ್ನು ಮತ್ತೆ ಹಾಕಿಕೊಂಡು, "ನಾನೂ ಓದದೆ ಸಹಿ ಹಾಕಿದೆ" ಎಂದರು. ಅಷ್ಟು ಹೇಳಿ ಎದ್ದು ಹೋಗಿ ಕಿಟಕಿಯ ಬಳಿ ನಿಂತರು. ಅವರು ಆ ಮಾತು ಹೇಳಿದ್ದು ನನ್ನ ಭಾರ ಇಳಿಸಲೆಂದೇ. ಇಳಿಯಲಿಲ್ಲ. ಮರುದಿನ ಅವರು ತಮಗೆ ಪರಿಚಯವಿದ್ದ ಹಿರಿಯ ವಕೀಲರಲ್ಲೆಲ್ಲ ಕೇಳಿ ನೋಡಿದರು. ಅವಧಿ ಮುಗಿದಿತ್ತು, ಬೇಡವೆಂದು ಆರೋಪಿಯ ಸ್ವಂತ ಸಹಿಯಿತ್ತು. "ಖಲಾಸ್" ಎಂದರು ಎಲ್ಲರೂ.

ಹಮೀದನಿಗೆ ಹೇಳಬೇಕೆಂದು ನಿರ್ಧರಿಸಿ ಜೈಲಿನ ಭೇಟಿಗೆ ಅನುಮತಿ ಪಡೆದೆ. ಬಸ್ಸಿನಲ್ಲಿ ಕೂತು ಹೇಳಬೇಕಾದ ಮಾತನ್ನು ಹತ್ತಾರು ಸಲ ಜೋಡಿಸಿಕೊಂಡೆ. ಗಾಜಿನ ಆಚೆ ಅವನು ಬಂದು ಕೂತ. ಸ್ವಲ್ಪ ದಪ್ಪಗಾಗಿದ್ದ, ಜೈಲಿನ ಅನ್ನ ಎಂದ. ಫೋನಿನ ರಿಸೀವರು ಎತ್ತಿಕೊಂಡು ನಗಲು ನೋಡಿದ.

"ನೀವೇನಾ ಅಕ್ಕ? ಕೋರ್ಟಿನಲ್ಲಿ ಹಿಂದೆ ಕೂತಿದ್ದು ನೀವೇ ಅಲ್ವಾ? ಕೈಯಲ್ಲಿ ಜಪಮಾಲೆ ಇತ್ತು."

"ಹೌದು. ಹಮೀದ್, ನಿಮಗೆ ಒಂದು ವಿಷಯ ಹೇಳಬೇಕು. ಆ ಅರ್ಜಿ..."

"ಅಕ್ಕ, ಮೊದಲು ನನ್ನದು ಒಂದು ಕೇಳಿ. ಟೈಮ್ ಇಲ್ಲ. ಉಮ್ಮನಿಗೆ ಫೋನ್ ಮಾಡ್ತೀರಾ? ನನಗೆ ವಕೀಲರೇ ಇರಲಿಲ್ಲ ಅಂತ ಯಾರೋ ಊರಲ್ಲಿ ಹೇಳಿದ್ದಾರೆ. ಅಂದಿನಿಂದ ಅಳ್ತಾ ಇದ್ದಾರಂತೆ. ಮಗನ ಪರ ಒಂದು ಮಾತು ಆಡ್ಲಿಕ್ಕೂ ಜನ ಇರಲಿಲ್ಲವಾ ಅಂತ. ನೀವು ಹೇಳಿ, ವಕೀಲರು ಇದ್ರು, ತುಂಬ ವಾದ ಮಾಡಿದ್ರು ಅಂತ. ನಾನು ಹೇಳಿದ್ರೆ ನಂಬುವುದಿಲ್ಲ, ಸುಳ್ಳು ಹೇಳುವಾಗ ನನ್ನ ಸ್ವರ ಬದಲಾಗ್ತದೆ. ನೀವು ಆಫೀಸಿನವರಲ್ಲ, ನಂಬ್ತಾರೆ."

ಅವನು ನಂಬರು ಹೇಳಿದ, ನಾನು ಅಂಗೈಯಲ್ಲಿ ಬರೆದುಕೊಂಡೆ. "ನೀವೇನೋ ಹೇಳ್ಲಿಕ್ಕೆ ಹೊರಟಿದ್ರಿ" ಎಂದ. ಆಮೇಲೆ ಹೇಳುತ್ತೇನೆ ಎಂದೆ. ಹೇಳಲಿಲ್ಲ. ಆಮೇಲೆ ಬಂದ ಫೋನುಗಳಲ್ಲೂ ಹೇಳಲಿಲ್ಲ. ಡಿಸೆಂಬರಿನಲ್ಲಿ ನಾನು ಆ ಕೆಲಸ ಬಿಟ್ಟೆ. ಕಾರಣ ಕೇಳಿದವರಿಗೆ ಕಣ್ಣಿಗೆ ಆಗುವುದಿಲ್ಲ ಎಂದೆ.

ಭೇಟಿಯ ದಿನ ಮನೆಗೆ ಬಂದ ಕೂಡಲೇ ಉಪ್ಪಿನಂಗಡಿಗೆ ಫೋನ್ ಮಾಡಿದೆ. ಸಂಜೆ ಐದು ಗಂಟೆ. ಉಮ್ಮನೇ ಎತ್ತಿದರು. ನಾವು ತುಳುವಿನಲ್ಲಿ ಮಾತಾಡಿದೆವು. ದುಬೈಯ ವಕೀಲರ ಆಫೀಸಿನಿಂದ, ಜಸಿಂತಾ ಎಂದಾಗ ಆ ಕಡೆ ಮಣೆಯೋ ಕುರ್ಚಿಯೋ ಸರಿದ ಸದ್ದು ಬಂತು. ಅವರು ಕೂತರೆಂದು ಕಾಣುತ್ತದೆ.

"ಹೇಳಿ ಬಾಯಮ್ಮ. ಕೂತಿದ್ದೇನೆ" ಎಂದರು, ನಮ್ಮ ಕಡೆ ಕ್ರಿಶ್ಚಿಯನ್ ಹೆಂಗಸರನ್ನು ಕರೆಯುವಂತೆ.

ಹೇಳಿದೆ. ವಕೀಲರಿದ್ದರು ಎಂದೆ. ಕಪ್ಪು ನಿಲುವಂಗಿ, ಬಿಳಿ ಕೂದಲು, ದೊಡ್ಡ ವಕೀಲರು ಎಂದೆ. ಖಾಲಿ ಪುಟದ ವಿಷಯ ಎತ್ತಿ ಒಂದು ಗಂಟೆ ಮಾತಾಡಿದರು, ಸೂಪರ್‌ವೈಸರನನ್ನು ನಿಲ್ಲಿಸಿ ಕೇಳಿದರು, ಅವನು ತಡವರಿಸಿದ ಎಂದೆ. ನ್ಯಾಯಾಧೀಶರು ಎಲ್ಲವನ್ನೂ ಬರೆದುಕೊಂಡರು, ಆದರೂ ಕಾನೂನು ಹಾಗಿತ್ತು ಎಂದೆ. ಮಾತು ಒಂದರ ಹಿಂದೆ ಒಂದು ತಾವಾಗಿಯೇ ಬರುತ್ತಿದ್ದವು. ಕೋರ್ಟಿನಲ್ಲಿ ನಡೆಯಬೇಕಾಗಿದ್ದದ್ದೆಲ್ಲ ನನ್ನ ಅಡುಗೆಮನೆಯಲ್ಲಿ, ಗ್ಯಾಸಿನ ಪಕ್ಕದಲ್ಲಿ ನಿಂತು ನಡೆಸಿದೆ. ನಾನು ನಿಲ್ಲಿಸಿದ ಮೇಲೆ ಉಮ್ಮ ಕೇಳಿದರು:

"ಅಷ್ಟು ಹೊತ್ತು ಮಾತಾಡಿದರಾ ನನ್ನ ಮಗನಿಗಾಗಿ?"

"ಹೌದು."

"ಸಾಕು ಬಾಯಮ್ಮ. ಒಬ್ಬರಾದರೂ ಮಾತಾಡಿದರಲ್ಲ, ಸಾಕು." ಮೂಗು ಸೀಟಿಕೊಂಡರು. "ಆ ವಕೀಲರ ಹೆಸರೇನು? ಹೇಳಿ. ಐದು ಹೊತ್ತೂ ನಮಾಝಿನಲ್ಲಿ ಅವರಿಗೆ ದುಆ ಮಾಡುತ್ತೇನೆ."

ಅವರು ಕಾಯುತ್ತಿದ್ದರು.

"ಫರೀದ್" ಎಂದೆ.

"ಫರೀದ್" ಎಂದರು ಉಮ್ಮ. ಸರಿಯಾಗಿ ನಾಲಿಗೆಗೆ ಹತ್ತಿತೋ ಇಲ್ಲವೋ ಎಂದು ಇನ್ನೊಮ್ಮೆ ಹೇಳಿಕೊಂಡರು. ಆಮೇಲೆ, "ಮಕ್ಕಳಿದ್ದಾರಾ ಅವರಿಗೆ? ಅವರ ಹೆಸರೂ ಹೇಳಿ" ಎಂದರು.